ಹೋದ ಡೇಟಾ ಹಿಂದೆ ತರುವ ಕೆಲಸ: ಕೋರ್ಸಿಗೆ ದುಡ್ಡು ಕಟ್ಟುವ ಮೊದಲು

(ಯುವಕ ಯುವತಿಯರ ಸ್ವ-ಉದ್ಯೋಗ ಮಾಹಿತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಾವು ದೊಡ್ಡ ಪಂಡಿತರಲ್ಲ. ತಾಲೂಕು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಇಬ್ಬರು ಪಾಲುದಾರರು. ಕೆಟ್ಟುಹೋದ ಹಾರ್ಡ್‌ಡಿಸ್ಕಿನಿಂದ ಫೋಟೋ, ಲೆಕ್ಕಪತ್ರ, ದಾಖಲೆಗಳನ್ನು ಹೊರಗೆ ತೆಗೆದುಕೊಡುವ ಕೆಲಸವನ್ನೂ ಮಾಡುತ್ತೇವೆ. ಪೇಟೆಯಲ್ಲಿ ಇದಕ್ಕೆ ಡೇಟಾ ರಿಕವರಿ ಅನ್ನುತ್ತಾರೆ. "ಇದನ್ನು ಕಲಿಯಬೇಕು, ಕೋರ್ಸಿಗೆ ಸೇರುವುದಾ ಬೇಡವಾ?" ಎಂದು ಆಗಾಗ ಯಾರಾದರೊಬ್ಬರು ನಮ್ಮ ಅಂಗಡಿಗೆ ಬಂದು ಕೇಳುತ್ತಾರೆ.

ಕೆಲವು ತಿಂಗಳ ಹಿಂದೆ ಒಬ್ಬ ತಾಯಿ ಬಂದಿದ್ದರು. ಮಗ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದಾನೆ. ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿದ್ದಾನೆ. ಐದೇ ದಿನದಲ್ಲಿ ಹಾರ್ಡ್‌ಡಿಸ್ಕ್ ಡೇಟಾ ರಿಕವರಿ ಕಲಿಸಿ, ಸರ್ಟಿಫಿಕೇಟ್ ಕೊಟ್ಟು, ಸ್ವಂತ ಲ್ಯಾಬ್ ಹಾಕುವಷ್ಟು ತಯಾರು ಮಾಡುತ್ತಾರಂತೆ. "ಸಂಘದಿಂದ ಸಾಲ ತೆಗೆದು ಕಟ್ಟಲಾ? ನೀವೇ ಹೇಳಿ ಮಾರಾಯ್ರೆ, ನಿಮ್ಮ ಮಾತನ್ನು ಅವನು ಕೇಳ್ತಾನೆ" ಅಂದರು. ಆ ಅಮ್ಮನಿಗೆ ನಾವು ಕೊಟ್ಟ ಉತ್ತರವನ್ನೇ ಇವತ್ತು ಸ್ವಲ್ಪ ವಿವರವಾಗಿ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ನಮ್ಮದೇ ಕಥೆ

ನಮ್ಮಿಬ್ಬರಲ್ಲಿ ಒಬ್ಬರು ಕೋರ್ಸ್ ಮಾಡಿದವರು. ಇನ್ನೊಬ್ಬರು ಗುಜರಿ ಅಂಗಡಿಯ ಡಿಸ್ಕುಗಳನ್ನು ಬಿಚ್ಚಿ ಬಿಚ್ಚಿ ಕಲಿತವರು. ಹಾಗಾಗಿ ಎರಡೂ ದಾರಿಯ ಸುಖದುಃಖ ನಮಗೆ ಗೊತ್ತು.

ಕೋರ್ಸ್ ಮಾಡಿದವರು 2011ರಲ್ಲಿ ತಾಯಿಯ ಚಿನ್ನದ ಸರ ಅಡವಿಟ್ಟು 38,000 ರೂಪಾಯಿ ಕಟ್ಟಿದರು. ದೊಡ್ಡ ಊರಿನಲ್ಲಿ ಐದು ದಿನದ ತರಬೇತಿ. ಎರಡು ದಿನ ಪರದೆಯ ಮೇಲೆ ಚಿತ್ರ ತೋರಿಸಿ ಪಾಠ. ಒಂದು ದಿನ ಸಾಫ್ಟ್‌ವೇರ್. ನಾಲ್ಕನೇ ದಿನ ಗುರುಗಳು ಒಂದು ಡಿಸ್ಕಿನ ಹೆಡ್ ಬದಲಾಯಿಸಿ ತೋರಿಸಿದರು. ಹದಿನಾಲ್ಕು ಮಂದಿ ಒಬ್ಬರ ಭುಜದ ಮೇಲಿಂದ ಒಬ್ಬರು ಬಗ್ಗಿ ನೋಡಿದರು. ಕೈಯಲ್ಲಿ ಚಿಮುಟ ಹಿಡಿಯುವ ಅವಕಾಶ ಯಾರಿಗೂ ಸಿಗಲಿಲ್ಲ. ಐದನೇ ದಿನ ಸರ್ಟಿಫಿಕೇಟ್, ಗ್ರೂಪ್ ಫೋಟೋ. ಊರಿಗೆ ಬಂದು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದೆವು.

ಒಂದು ತಿಂಗಳೂ ಆಗಿರಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರ ಹೆಂಡತಿ ಒಂದು ಹಾರ್ಡ್‌ಡಿಸ್ಕ್ ತಂದರು. ಮೇಷ್ಟ್ರು ತೀರಿಹೋಗಿದ್ದರು. ಅವರ ಕೊನೆಯ ವರ್ಷಗಳ ಫೋಟೋ, ಮಗಳ ಮದುವೆಯ ವಿಡಿಯೋ, ಎಲ್ಲವೂ ಅದರಲ್ಲಿತ್ತು. ಕರೆಂಟು ಕೊಟ್ಟರೆ ಟಿಕ್ ಟಿಕ್ ಅಂತ ಶಬ್ದ. ಒಳಗಿನ ಹೆಡ್ ಹೋಗಿದೆ ಎಂದು ನಮಗೆ ಅನ್ನಿಸಿತು. ಸರಿಯಾದ ಸೌಲಭ್ಯ ಇರುವ ಲ್ಯಾಬಿಗೆ ಹಾಗೆಯೇ ಕಳಿಸಬಹುದಿತ್ತು. ಆದರೆ ಗೋಡೆಯಲ್ಲಿ ಸರ್ಟಿಫಿಕೇಟ್ ಇತ್ತಲ್ಲ! ಬೆಂಗಳೂರಿನ ಎಸ್.ಪಿ. ರೋಡಿನಿಂದ ಅದೇ ಮಾದರಿಯ ಹಳೆಯ ಡಿಸ್ಕ್ ತರಿಸಿದೆವು. ಫ್ಯಾನ್ ಆರಿಸಿ, ಬಾಗಿಲು ಹಾಕಿ, ಅಂಗಡಿಯ ಮೇಜಿನ ಮೇಲೆಯೇ ಮುಚ್ಚಳ ಬಿಚ್ಚಿದೆವು. ಹೆಡ್ ಬದಲಾಯಿಸಿದೆವು. ಕರೆಂಟು ಕೊಟ್ಟ ಕೂಡಲೇ ಕರಕರ ಅಂತ ಕೊರೆಯುವ ಶಬ್ದ ಬಂತು. ಆರಿಸಿ ನೋಡಿದರೆ, ಕನ್ನಡಿಯಂತಿದ್ದ ತಟ್ಟೆಯ ಮೇಲೆ ಬಳೆಯ ಹಾಗೆ ಒಂದು ಗೀರು.

ಆಮೇಲೆ ದೊಡ್ಡ ಲ್ಯಾಬಿಗೆ ಕಳಿಸಿದೆವು. "ಬಿಚ್ಚದೆ ತಂದಿದ್ದರೆ ಪ್ರಯತ್ನ ಮಾಡಬಹುದಿತ್ತು, ಈಗ ಆಗುವುದಿಲ್ಲ" ಎಂದು ವಾಪಸು ಬಂತು. ಅಮ್ಮನನ್ನು ಕರೆದು ನಡೆದದ್ದನ್ನೆಲ್ಲ ಹೇಳಿದೆವು. ಅವರು ಬೈಯಲಿಲ್ಲ. ಡಿಸ್ಕನ್ನು ಸೆರಗಿನಲ್ಲಿ ಒರೆಸಿ ಬ್ಯಾಗಿಗೆ ಹಾಕಿಕೊಂಡರು. "ಎಷ್ಟು ಕೊಡಬೇಕು?" ಎಂದು ಕೇಳಿದರು. ಒಂದು ಪೈಸೆಯನ್ನೂ ನಾವು ಮುಟ್ಟಲಿಲ್ಲ. ಆದರೆ ಆ ಪ್ರಶ್ನೆ ಇವತ್ತಿಗೂ ನಮ್ಮ ಕಿವಿಯಲ್ಲಿದೆ. ಸರ್ಟಿಫಿಕೇಟನ್ನು ಅದೇ ದಿನ ಗೋಡೆಯಿಂದ ಇಳಿಸಿದೆವು.

ಹಾಗಾದರೆ ಕೋರ್ಸ್ ಮಾಡದೆ ಕಲಿತವರ ಕಥೆ ಚೆನ್ನಾಗಿದೆಯೇ? ಅದೂ ಅಷ್ಟೇನಿಲ್ಲ. ಅವರು ನಲವತ್ತಕ್ಕಿಂತ ಹೆಚ್ಚು ಗುಜರಿ ಡಿಸ್ಕುಗಳನ್ನು ಹಾಳು ಮಾಡಿದ್ದಾರೆ. ಡಿಸ್ಕಿನ ಕೆಳಗಿರುವ ಹಸಿರು ಬೋರ್ಡ್ ಸುಟ್ಟರೆ, ಅದೇ ಮಾದರಿಯ ಇನ್ನೊಂದು ಬೋರ್ಡ್ ಹಾಕಿದರೆ ಸಾಕು ಎಂದು ಎಷ್ಟೋ ಕಾಲ ನಂಬಿದ್ದರು. ಹಾಕುತ್ತಿದ್ದರು, ಡಿಸ್ಕ್ ಏಳುತ್ತಿರಲಿಲ್ಲ, ಯಾಕೆಂದು ಗೊತ್ತಾಗುತ್ತಿರಲಿಲ್ಲ. ಹೆಚ್ಚಿನ ಡಿಸ್ಕುಗಳಲ್ಲಿ ಆ ಬೋರ್ಡಿನ ಮೇಲಿನ ಒಂದು ಸಣ್ಣ ಚಿಪ್ಪಿನಲ್ಲಿ, ಸಾಮಾನ್ಯವಾಗಿ ಎಂಟು ಕಾಲಿನದ್ದು, ಆ ಒಂದು ಡಿಸ್ಕಿಗೆ ಮಾತ್ರ ಸೇರಿದ ಹೊಂದಾಣಿಕೆಯ ಮಾಹಿತಿ ಇರುತ್ತದೆ. ಹಳೆಯ ಬೋರ್ಡಿನಿಂದ ಆ ಚಿಪ್ಪನ್ನು ತೆಗೆದು ಹೊಸ ಬೋರ್ಡಿಗೆ ಹಾಕಬೇಕು. ಇಷ್ಟನ್ನು ಒಬ್ಬ ಒಳ್ಳೆಯ ಗುರು ಹತ್ತು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು. ಹೇಳುವವರು ಇಲ್ಲದ್ದಕ್ಕೆ ವರ್ಷಗಳೇ ಹೋದವು.

ಆದ್ದರಿಂದ ಕೋರ್ಸ್ ಮೋಸ ಎಂದೂ ನಾವು ಹೇಳುವುದಿಲ್ಲ, ಕೋರ್ಸ್ ಇದ್ದರೆ ಸಾಕು ಎಂದೂ ಹೇಳುವುದಿಲ್ಲ. ಯಾವಾಗ, ಯಾವುದಕ್ಕೆ, ಎಷ್ಟು ಕಲಿತ ಮೇಲೆ ಎನ್ನುವುದೇ ಮುಖ್ಯ.

ಡಿಸ್ಕಿನ ಒಳಗೆ ಏನಿದೆ?

ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತು ಸುಲಭ. ಹಾರ್ಡ್‌ಡಿಸ್ಕ್ ಹೊಸ ವಸ್ತುವಲ್ಲ. 1956ರಲ್ಲಿ ಐಬಿಎಂ ಕಂಪನಿ ಮೊದಲನೆಯದನ್ನು ಹೊರತಂದಾಗ ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಇಷ್ಟಿದ್ದೂ ಅದರಲ್ಲಿ ಹಿಡಿಯುತ್ತಿದ್ದದ್ದು ಇವತ್ತಿನ ಮೊಬೈಲಿನ ಒಂದೆರಡು ಫೋಟೋದಷ್ಟು ಮಾಹಿತಿ ಮಾತ್ರ.

ಈಗಿನದ್ದು ಅಂಗೈಯಲ್ಲಿ ಹಿಡಿಯುತ್ತದೆ. ಒಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. 7,200 ಅಂದರೆ ಸೆಕೆಂಡಿಗೆ 120 ಸುತ್ತು. ಓದುವ ಹೆಡ್ ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಕೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ಹಾಗಾದರೆ ಆ ಸಂದಿಯಲ್ಲಿ ಒಂದು ಧೂಳಿನ ಕಣ ಅಂದರೆ ರಸ್ತೆಯ ಮಧ್ಯೆ ಬಂಡೆಗಲ್ಲು ಬಿದ್ದ ಹಾಗೆ. ಫ್ಯಾನ್ ಆರಿಸಿ ಬಾಗಿಲು ಹಾಕಿದರೆ ಧೂಳು ಹೋಗುವುದಿಲ್ಲ ಎಂಬುದು ಈಗ ನಿಮಗೂ ಅರ್ಥವಾಗಿರಬೇಕು.

ತೊಂದರೆಗಳು ನಾಲ್ಕು ಬಗೆ

ಡಾಕ್ಟರ ಹತ್ತಿರ ಹೋದವರಿಗೆಲ್ಲ ಆಪರೇಷನ್ ಬೇಕಾಗುವುದಿಲ್ಲ. ಡಿಸ್ಕಿನದ್ದೂ ಹಾಗೆಯೇ.

ಮೊದಲನೆಯದು, ಡಿಸ್ಕ್ ಆರೋಗ್ಯವಾಗಿದೆ, ಆದರೆ ಫೈಲ್ ಅಳಿಸಿಹೋಗಿದೆ ಅಥವಾ ತಪ್ಪಿ ಫಾರ್ಮ್ಯಾಟ್ ಆಗಿದೆ. ಅಳಿಸಿದ ತಕ್ಷಣ ಹಾರ್ಡ್‌ಡಿಸ್ಕಿನಿಂದ ಫೈಲ್ ಸಾಮಾನ್ಯವಾಗಿ ಮಾಯವಾಗುವುದಿಲ್ಲ. ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದುಹಾಕಿದ ಹಾಗೆ, ಪುಟ ಒಳಗೆ ಇರುತ್ತದೆ. ಅದರ ಮೇಲೆ ಹೊಸದನ್ನು ಬರೆಯುವವರೆಗೆ ತೆಗೆಯಬಹುದು.

ಎರಡನೆಯದು, ಬೋರ್ಡಿನ ತೊಂದರೆ. ಬೇರೆ ಅಡಾಪ್ಟರ್ ಹಾಕಿದ್ದು, ಸಿಡಿಲು ಬಡಿದದ್ದು, ಇಂಥದ್ದು. ಕೆಲವು ಬೋರ್ಡುಗಳಲ್ಲಿ ಹೆಚ್ಚು ವೋಲ್ಟೇಜಿನಿಂದ ಕಾಪಾಡುವ ಒಂದು ಸಣ್ಣ ಡಯೋಡ್ ತಾನು ಸುಟ್ಟು ಉಳಿದದ್ದನ್ನು ಉಳಿಸಿರುತ್ತದೆ. ಮೀಟರ್ ಹಿಡಿಯಲು ಬರುವ ರೇಡಿಯೋ ರಿಪೇರಿಯವರು ಇದನ್ನು ಕಲಿಯಬಲ್ಲರು.

ಮೂರನೆಯದು, ಡಿಸ್ಕಿನ ಒಳಗಿನ ತಂತ್ರಾಂಶದ ತೊಂದರೆ. ಡಿಸ್ಕ್ ತನ್ನದೇ ಕೆಲಸಕ್ಕೆ ತಟ್ಟೆಯ ಒಂದು ಗುಪ್ತ ಜಾಗದಲ್ಲಿ ಕೆಲವು ಪಟ್ಟಿಗಳನ್ನು ಇಟ್ಟುಕೊಂಡಿರುತ್ತದೆ. ಎಲ್ಲಿ ಹಾಳಾದ ಜಾಗವಿದೆ, ಯಾವುದು ಎಲ್ಲಿದೆ ಎಂಬ ಲೆಕ್ಕ. ಅದು ತಪ್ಪಿದರೆ ಡಿಸ್ಕ್ ತಿರುಗುತ್ತದೆ, ಆದರೆ ಕಂಪ್ಯೂಟರಿಗೆ ಕಾಣುವುದಿಲ್ಲ.

ನಾಲ್ಕನೆಯದು, ಹೆಡ್, ಮೋಟಾರ್, ತಟ್ಟೆಗಳ ತೊಂದರೆ. ಇದಕ್ಕೆ ಶುದ್ಧಗಾಳಿಯ ಮೇಜು, ಹೆಡ್ ಎತ್ತುವ ಬಾಚಣಿಗೆಯಂಥ ಸಾಧನ, ಸರಿಹೊಂದುವ ಇನ್ನೊಂದು ಡಿಸ್ಕ್, ಮತ್ತು ನೂರಾರು ಸಲ ಮಾಡಿದ ಕೈ ಬೇಕು.

ಮನೆಯಲ್ಲೇ ಖರ್ಚಿಲ್ಲದೆ ಕಲಿಯುವುದು

ಮೊದಲನೆಯ ಬಗೆಗೆ ದೊಡ್ಡ ಫೀಸು ಕಟ್ಟಬೇಡಿ. ಇದು ನಮ್ಮ ಖಚಿತ ಮಾತು. ಬೇಕಾದ ಸಾಫ್ಟ್‌ವೇರ್‌ಗಳಲ್ಲಿ ಒಳ್ಳೆಯವು ಉಚಿತವಾಗಿಯೇ ಸಿಗುತ್ತವೆ. ಟೆಸ್ಟ್‌ಡಿಸ್ಕ್ ಎಂಬುದು ಕಳೆದುಹೋದ ಪಾರ್ಟಿಷನ್ ಹುಡುಕುತ್ತದೆ. ಅದರ ಜೊತೆಗೇ ಬರುವ ಫೋಟೋರೆಕ್ ಫೈಲಿನ ಗುರುತು ಹಿಡಿದು ಫೋಟೋ, ದಾಖಲೆಗಳನ್ನು ತೆಗೆಯುತ್ತದೆ. ಫೈಲಿನ ಹಳೆಯ ಹೆಸರು ಮಾತ್ರ ಸಿಗುವುದಿಲ್ಲ. ಗ್ನೂ ಡಿಡಿರೆಸ್ಕ್ಯೂ ಎಂಬುದು ಕೆಡುತ್ತಿರುವ ಡಿಸ್ಕಿನ ನಕಲು ತೆಗೆಯುತ್ತದೆ. ಮೊದಲು ಸುಲಭವಾಗಿ ಬರುವ ಜಾಗಗಳನ್ನು ತೆಗೆದು, ಕಷ್ಟದ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿವರೆಗೆ ಆಯಿತು ಎಂದು ಬರೆದಿಟ್ಟುಕೊಳ್ಳುವುದರಿಂದ ಮಧ್ಯೆ ಕರೆಂಟು ಹೋದರೂ ಮತ್ತೆ ಅಲ್ಲಿಂದಲೇ ಶುರು ಮಾಡಬಹುದು. ನಮ್ಮ ಊರಿನ ಕರೆಂಟಿಗೆ ಇದು ಬಹಳ ಉಪಕಾರಿ!

ಅಭ್ಯಾಸ ಹೀಗೆ ಮಾಡಿ. ಕೆಲಸ ಮಾಡುವ ಒಂದು ಹಳೆಯ ಡಿಸ್ಕ್ ತನ್ನಿ. ನೂರು ಫೋಟೋ ಹಾಕಿ. ಅಳಿಸಿ, ವಾಪಸು ತೆಗೆಯಿರಿ. ಫಾರ್ಮ್ಯಾಟ್ ಮಾಡಿ, ವಾಪಸು ತೆಗೆಯಿರಿ. ಅರ್ಧ ಜಾಗದಲ್ಲಿ ಹೊಸದನ್ನು ಬರೆದು, ಏನು ಉಳಿಯಿತು, ಏನು ಹೋಯಿತು ಎಂದು ಎಣಿಸಿ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಅಲ್ಲಲ್ಲಿ ಕೆಟ್ಟ ಜಾಗ ಇರುವ ಡಿಸ್ಕ್ ಹುಡುಕಿ ನಕಲು ತೆಗೆಯಲು ಕಲಿಯಿರಿ. ಇಷ್ಟನ್ನು ಮೂರು ತಿಂಗಳು ಮಾಡಿದರೆ ನಿಮಗೆ ಈ ಕೆಲಸ ಇಷ್ಟವೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಒಂದು ಡಿಸ್ಕಿನ ಮುಂದೆ ದಿನಗಟ್ಟಲೆ ತಾಳ್ಮೆಯಿಂದ ಕೂರಲು ಆಗದವರಿಗೆ ಯಾವ ಕೋರ್ಸೂ ಪ್ರಯೋಜನವಿಲ್ಲ.

ಜೊತೆಗೆ ಕೆಲವು ನಿಯಮಗಳನ್ನು ಬಾಯಿಪಾಠ ಮಾಡಿಕೊಳ್ಳಿ.

1. ಮೊದಲು ನಕಲು, ಆಮೇಲೆ ಕೆಲಸ. ಕೆಲಸವೆಲ್ಲ ನಕಲಿನ ಮೇಲೆ.

2. ಡೇಟಾ ಹೋದ ಡಿಸ್ಕಿಗೇ ರಿಕವರಿ ಸಾಫ್ಟ್‌ವೇರ್ ಹಾಕಬೇಡಿ. ತೆಗೆದ ಫೈಲನ್ನೂ ಅದಕ್ಕೇ ಉಳಿಸಬೇಡಿ.

3. ಕೆಡುತ್ತಿರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಡಿಸ್ಕಿನ ಲೆಕ್ಕ ಸರಿಮಾಡಲು ಹೋಗಿ ನಿಮ್ಮ ಫೈಲನ್ನು ಬಲಿ ಕೊಡಬಹುದು.

4. ಟಿಕ್ ಟಿಕ್ ಅಥವಾ ಕರಕರ ಶಬ್ದ ಬಂದರೆ ತಕ್ಷಣ ಕರೆಂಟು ತೆಗೆಯಿರಿ. "ಇನ್ನೊಂದು ಸಲ ನೋಡುವ" ಅನ್ನಬೇಡಿ.

5. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಮಾತು ನಂಬಬೇಡಿ. ಹೊರತೆಗೆದಾಗ ಒಳಗೆ ನೀರಿನ ಹನಿ ಕಟ್ಟುತ್ತದೆ. ಮಳೆಗೆ ನೆನೆದ ಡಿಸ್ಕಿಗೂ ಕರೆಂಟು ಕೊಟ್ಟು ಪರೀಕ್ಷೆ ಮಾಡಬೇಡಿ.

ಕೋರ್ಸ್ ಎಲ್ಲಿ ಬೇಕಾಗುತ್ತದೆ?

ಎರಡನೆಯ ಮತ್ತು ಮೂರನೆಯ ಬಗೆಯಲ್ಲಿ ಗುರು ಬೇಕು. ಇಲ್ಲಿ ಅರ್ಧ ತಿಳಿದವರ ಕೈಯಿಂದಲೇ ಹೆಚ್ಚು ಹಾಳಾಗುವುದು.

ಒಂದು ಉದಾಹರಣೆ. 2008ರ ಕೊನೆ ಮತ್ತು 2009ರ ಆರಂಭದಲ್ಲಿ ಸೀಗೇಟ್ ಕಂಪನಿಯ 7200.11 ಎಂಬ ಮಾದರಿಯ ಅನೇಕ ಡಿಸ್ಕುಗಳು ಇದ್ದಕ್ಕಿದ್ದಂತೆ ಕಂಪ್ಯೂಟರಿಗೆ ಕಾಣದಂತಾದವು. ಒಳಗಿನ ತಂತ್ರಾಂಶದಲ್ಲಿ ದೋಷವಿದೆ ಎಂದು ಕಂಪನಿಯೇ ಒಪ್ಪಿಕೊಂಡು ಹೊಸ ತಂತ್ರಾಂಶ ಕೊಟ್ಟಿತು. ಅಷ್ಟರಲ್ಲಿ ಕೆಲವರು ಬೋರ್ಡಿನ ಸಣ್ಣ ಪಿನ್ನುಗಳಿಗೆ ವಯರ್ ಸಿಕ್ಕಿಸಿ, ಕಂಪ್ಯೂಟರಿನಿಂದ ಕೆಲವು ಆದೇಶ ಟೈಪ್ ಮಾಡಿ ಡಿಸ್ಕ್ ಎಬ್ಬಿಸುವ ದಾರಿ ಕಂಡುಹಿಡಿದರು. ಅದು ಲೋಕವೆಲ್ಲ ಹಬ್ಬಿತು. ಎಷ್ಟೋ ಮಂದಿಯ ಡೇಟಾ ಉಳಿಯಿತು, ನಿಜ. ಆದರೆ ಅದೇ ಆದೇಶವನ್ನು ಬೇರೆ ಮಾದರಿಗೆ, ಬೇರೆ ಕಾಯಿಲೆಯ ಡಿಸ್ಕಿಗೆ ಕೊಟ್ಟರೆ, ಯಾವ ಡೇಟಾ ಎಲ್ಲಿದೆ ಎಂಬ ಲೆಕ್ಕವೇ ಕೆಟ್ಟುಹೋಗಬಹುದು. ಔಷಧಿಯ ಹೆಸರು ಮಾತ್ರ ಗೊತ್ತಿದ್ದು ಕಾಯಿಲೆ ಗೊತ್ತಿಲ್ಲದವರು ಮದ್ದು ಕೊಟ್ಟ ಹಾಗೆ. ಕಾಯಿಲೆ ಗುರುತಿಸಲು ಕಲಿಸುವುದೇ ಒಳ್ಳೆಯ ಕೋರ್ಸಿನ ಕೆಲಸ.

ಈ ಹಂತದ ಕೆಲಸಕ್ಕೆ ವಿಶೇಷ ಯಂತ್ರಗಳು ಬೇಕು. ಏಸ್ ಲ್ಯಾಬ್ ಕಂಪನಿಯ ಪಿಸಿ-3000, ಡೀಪ್‌ಸ್ಪಾರ್ ಕಂಪನಿಯ ಡಿಸ್ಕ್ ಇಮೇಜರ್ ಇವು ಪ್ರಸಿದ್ಧವಾದವು. ಬೆಲೆ ಲಕ್ಷಗಟ್ಟಲೆ. ಯಂತ್ರ ಕೊಂಡವನಿಗೆ ಅದನ್ನು ಬಳಸುವ ತರಬೇತಿ ಖಂಡಿತ ಬೇಕು. ಅದಕ್ಕೆ ಕೊಟ್ಟ ದುಡ್ಡು ವ್ಯರ್ಥವಲ್ಲ. ಆದರೆ ಯಂತ್ರ ಕೊಳ್ಳುವ ಶಕ್ತಿಯೂ ಇಲ್ಲದೆ, ಯಂತ್ರ ಇರುವ ಕಡೆ ಕೆಲಸವೂ ಸಿಗದೆ, ಬರೀ ಅದರ ಕೋರ್ಸ್ ಮಾಡಿದರೆ? ಬಾವಿಯಿಲ್ಲದ ಮನೆಗೆ ರಾಟೆ ತಂದ ಹಾಗಾಗುತ್ತದೆ. ಆರು ತಿಂಗಳಲ್ಲಿ ಕಲಿತದ್ದು ಮರೆತುಹೋಗುತ್ತದೆ.

ನಾಲ್ಕನೆಯ ಬಗೆ, ಅಂದರೆ ಡಿಸ್ಕ್ ಬಿಚ್ಚುವ ಕೆಲಸವನ್ನು ಐದು ದಿನದಲ್ಲಿ ಕಲಿಯಲು ಆಗುವುದಿಲ್ಲ. ಅದು ಲ್ಯಾಬಿನಲ್ಲಿ ಅನುಭವಿಗಳ ಪಕ್ಕದಲ್ಲಿ ಕುಳಿತು ವರ್ಷಗಳಲ್ಲಿ ಬರುವ ಕೈಗುಣ. ಅಂಥ ಕೈ ಏನು ಮಾಡಬಲ್ಲದು ಎಂಬುದಕ್ಕೆ ಒಂದು ನಿಜಘಟನೆ ಕೇಳಿ. ನಮ್ಮ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಗಗನನೌಕೆ 2003ರ ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ಆಕಾಶದಲ್ಲೇ ಒಡೆದುಹೋಯಿತು. ಏಳು ಮಂದಿ ತೀರಿಕೊಂಡರು. ತಿಂಗಳುಗಳ ನಂತರ ಟೆಕ್ಸಾಸ್‌ನಲ್ಲಿ ಬಿದ್ದ ಅವಶೇಷಗಳ ನಡುವೆ ಒಂದು ಹಾರ್ಡ್‌ಡಿಸ್ಕ್ ಸಿಕ್ಕಿತು. ಅದರಲ್ಲಿ ಆ ಗಗನಯಾತ್ರಿಗಳ ಕಾಲದಲ್ಲಿ ನಡೆದ ಒಂದು ವಿಜ್ಞಾನ ಪ್ರಯೋಗದ ಮಾಹಿತಿ ಇತ್ತು. ಡಿಸ್ಕ್ ಸುಟ್ಟು ಕರಕಲಾಗಿತ್ತು, ಒಳಗೆ ಕಸ ಸೇರಿತ್ತು. ಅಮೆರಿಕದ ಆನ್‌ಟ್ರ್ಯಾಕ್ ಕಂಪನಿಯ ತಜ್ಞರು ತಟ್ಟೆಗಳನ್ನು ತೊಳೆದು, ಬೇರೆ ಡಿಸ್ಕಿನ ಒಡಲಲ್ಲಿ ಕೂರಿಸಿ, ಸುಮಾರು ಶೇಕಡಾ 99ರಷ್ಟು ಮಾಹಿತಿ ಹೊರತೆಗೆದರು. 2008ರಲ್ಲಿ ಆ ಪ್ರಯೋಗದ ಫಲಿತಾಂಶ ಪ್ರಕಟವಾಯಿತು.

ಆಕಾಶದಿಂದ ಬಿದ್ದ ಡಿಸ್ಕಿನಿಂದ ಡೇಟಾ ಬಂತು. ನಮ್ಮ ಮೇಜಿನ ಮೇಲೆ ಇಟ್ಟ ಮೇಷ್ಟ್ರ ಡಿಸ್ಕಿನಿಂದ ಬರಲಿಲ್ಲ. ಹಾಗಾಗಿ ಹೇಳುತ್ತೇವೆ, ಈ ವಿದ್ಯೆಯಲ್ಲಿ ಮೊದಲು ಕಲಿಯಬೇಕಾದ್ದು ಎಲ್ಲಿ ಕೈ ಹಾಕಬಾರದು ಎಂಬುದನ್ನು. ಅದನ್ನು ಮೊದಲ ದಿನವೇ ಕಲಿಸದ ಕೋರ್ಸ್ ಎಷ್ಟು ಅಗ್ಗವಾದರೂ ದುಬಾರಿಯೇ.

ದುಡ್ಡು ಕಟ್ಟುವ ಮೊದಲು ಕೇಳುವ ಪ್ರಶ್ನೆಗಳು

ಹೆಣ್ಣು-ಗಂಡು ನೋಡುವಾಗ ಮನೆತನ ವಿಚಾರಿಸುವುದಿಲ್ಲವೇ? ಇಲ್ಲಿಯೂ ವಿಚಾರಿಸಿ. ನಾಚಿಕೆ ಬೇಡ.

ಒಂದು ಬ್ಯಾಚಿನಲ್ಲಿ ಎಷ್ಟು ಮಂದಿ? ಪ್ರತಿಯೊಬ್ಬರಿಗೂ ಬೇರೆ ಮೇಜು, ಬೇರೆ ಡಿಸ್ಕ್ ಇದೆಯೇ?

ನಿಜವಾಗಿಯೂ ಕೆಟ್ಟ ಡಿಸ್ಕುಗಳ ಮೇಲೆ ನಮ್ಮ ಕೈಯಿಂದಲೇ ಕೆಲಸ ಮಾಡಿಸುತ್ತೀರಾ, ಇಲ್ಲ ತೋರಿಸುತ್ತೀರಾ?

ಕಲಿಸುವವರು ಈಗಲೂ ಗಿರಾಕಿಗಳ ಡಿಸ್ಕಿನ ಕೆಲಸ ಮಾಡುತ್ತಿದ್ದಾರೆಯೇ? ಪಾಠ ಮಾತ್ರ ಮಾಡುವವರಾದರೆ ಹಳೆಯ ಡಿಸ್ಕುಗಳ ಪಾಠವನ್ನೇ ಹೇಳುತ್ತಿರಬಹುದು.

ಎಸ್‌ಎಸ್‌ಡಿ, ಗೂಢಲಿಪಿಯ ಬೀಗ ಹಾಕಿದ ಡಿಸ್ಕ್, ಇವುಗಳ ಬಗ್ಗೆ ಏನು ಕಲಿಸುತ್ತೀರಿ?

ಕೋರ್ಸ್ ಮುಗಿದ ಮೇಲೆ ಸಂಶಯ ಬಂದರೆ ಫೋನ್ ಮಾಡಬಹುದೇ? ಎಷ್ಟು ಕಾಲ?

ನಿಮ್ಮಲ್ಲಿ ಕಲಿತ ಇಬ್ಬರ ಜೊತೆ ಮಾತನಾಡಬಹುದೇ? ಈ ಪ್ರಶ್ನೆಗೆ ಮುಖ ತಿರುಗಿಸಿದರೆ ಅಲ್ಲಿಂದ ಎದ್ದು ಬನ್ನಿ.

"ನೂರಕ್ಕೆ ನೂರು ರಿಕವರಿ", "ಕೆಲಸ ಗ್ಯಾರಂಟಿ" ಎಂದವರನ್ನು ನಂಬಬೇಡಿ. ತಟ್ಟೆಯ ಮೇಲಿನ ಪದರವೇ ಕೆರೆದುಹೋದರೆ ಲೋಕದ ಯಾವ ಲ್ಯಾಬಿಗೂ ಅಲ್ಲಿದ್ದ ಡೇಟಾ ತರಲು ಸಾಧ್ಯವಿಲ್ಲ. ಈ ಸತ್ಯ ಹೇಳಲು ಧೈರ್ಯ ಇಲ್ಲದವರು ಗುರುಗಳಾಗಲಾರರು.

ಮುಂದೆ ಈ ಕೆಲಸ ಉಳಿಯುತ್ತದೆಯೇ?

ಸಾಲ ಮಾಡುವವರು ಇದನ್ನು ಯೋಚಿಸಲೇಬೇಕು. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಬರುವುದು ಬಹಳ ಕಡಿಮೆ, ಎಸ್‌ಎಸ್‌ಡಿ ಬರುತ್ತದೆ. ಅದರಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಫೈಲ್ ಅಳಿಸಿದರೆ ಟ್ರಿಮ್ ಎಂಬ ಆದೇಶ ಹೋಗಿ, ಆ ಜಾಗವನ್ನು ಎಸ್‌ಎಸ್‌ಡಿ ತಾನೇ ಖಾಲಿ ಮಾಡಿಕೊಳ್ಳುತ್ತದೆ. ಆಗ ನಮ್ಮ ಉಚಿತ ಸಾಫ್ಟ್‌ವೇರ್ ಓಡಿಸಿದರೂ ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೇ ತಿಳಿಯದಂತೆ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಅದನ್ನು ತೆರೆಯುವ 48 ಅಂಕೆಯ ಕೀ ಇಲ್ಲದಿದ್ದರೆ ಡಿಸ್ಕ್ ಸರಿಮಾಡಿದರೂ ಒಳಗಿರುವುದು ಓದಲು ಬಾರದು.

ಹಾಗೆಂದು ಕೆಲಸ ಮುಗಿದೇಹೋಯಿತು ಎಂದಲ್ಲ. ಸಿಸಿ ಕ್ಯಾಮರಾದ ಪೆಟ್ಟಿಗೆಯಲ್ಲಿ, ಆಫೀಸುಗಳ ಸರ್ವರಿನಲ್ಲಿ, ಮದುವೆಯ ಫೋಟೋ ಸ್ಟುಡಿಯೋಗಳಲ್ಲಿ, ಹೊರಗಿನಿಂದ ಸಿಕ್ಕಿಸುವ ಡಿಸ್ಕುಗಳಲ್ಲಿ ಇಂದಿಗೂ ಹಾರ್ಡ್‌ಡಿಸ್ಕೇ ಇದೆ. ಆದರೆ ದೊಡ್ಡ ಸಾಮರ್ಥ್ಯದ ಕೆಲವು ಡಿಸ್ಕುಗಳಲ್ಲಿ ಈಗ ಗಾಳಿಯ ಬದಲು ಹೀಲಿಯಂ ಅನಿಲ ತುಂಬಿರುತ್ತಾರೆ. 2013ರಿಂದ ಇವು ಮಾರುಕಟ್ಟೆಯಲ್ಲಿವೆ. ಮುಚ್ಚಳ ತೆಗೆದರೆ ಅನಿಲವೂ ಹೋಯಿತು. ಸಣ್ಣ ಅಂಗಡಿಗೆ ಅದು ಮುಟ್ಟುವಂಥದ್ದಲ್ಲ. ಒಟ್ಟಿನಲ್ಲಿ ಈ ಕೆಲಸ ಮೇಲಿನ ಹಂತದಲ್ಲಿ ಕಠಿಣವಾಗುತ್ತಿದೆ, ಕೆಳಗಿನ ಹಂತದಲ್ಲಿ ಕಡಿಮೆಯಾಗುತ್ತಿದೆ. ಇದೊಂದನ್ನೇ ನಂಬಿ ಸಂಸಾರ ನಡೆಸುವುದು ನಮ್ಮಂಥ ಪೇಟೆಯಲ್ಲಿ ಕಷ್ಟ. ಕಂಪ್ಯೂಟರ್, ಲ್ಯಾಪ್‌ಟಾಪ್, ಕ್ಯಾಮರಾ ರಿಪೇರಿಯ ಜೊತೆಗೆ ಇದೂ ಒಂದು ಕೈಕಸುಬಾಗಿ ಇರಲಿ.

ಅದಕ್ಕೆ ಮೊದಲ ಮೆಟ್ಟಿಲು ಬೇಸಿಕ್ ಹಾರ್ಡ್‌ವೇರ್ ತರಬೇತಿ. ಐಟಿಐಗಳಲ್ಲಿ ಇದಕ್ಕೆ ಸಂಬಂಧಿಸಿದ ವಿಭಾಗಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಈಗ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಜಿಲ್ಲೆ ಜಿಲ್ಲೆಗಳಲ್ಲಿವೆ. ಊಟ ವಸತಿಯೊಂದಿಗೆ ಉಚಿತ ತರಬೇತಿ ಕೊಡುತ್ತವೆ. ಯಾವ ತಿಂಗಳು ಯಾವ ತರಬೇತಿ ಎಂದು ಹೋಗಿ ವಿಚಾರಿಸಿ. ಉಚಿತವಾಗಿ ಸಿಗುವುದನ್ನು ಬಿಟ್ಟು ಮೊದಲೇ ಸಾಲಕ್ಕೆ ಕೈ ಹಾಕಬೇಡಿ.

ಜನರ ನಂಬಿಕೆ

ಒಂದು ಡಿಸ್ಕಿನಲ್ಲಿ ಒಂದು ಸಂಸಾರವೇ ಇರುತ್ತದೆ. ಬ್ಯಾಂಕಿನ ಕಾಗದ, ಡಾಕ್ಟರ ವರದಿ, ಮನೆಯ ಫೋಟೋ. ಫೈಲ್ ತೆರೆಯಿತೋ ಇಲ್ಲವೋ ಎಂದು ನೋಡಲು ಒಂದೆರಡನ್ನು ತೆರೆಯಬೇಕಾಗುತ್ತದೆ, ಅದಕ್ಕೂ ಗಿರಾಕಿಯ ಒಪ್ಪಿಗೆ ಕೇಳಿ. ಅದಕ್ಕಿಂತ ಹೆಚ್ಚು ನೋಡಬಾರದು, ನಕಲು ಇಟ್ಟುಕೊಳ್ಳಬಾರದು. ಒಪ್ಪಿಗೆಯಿಲ್ಲದೆ ಡೇಟಾ ತೆಗೆಯುವುದು, ಬೇರೆಯವರಿಗೆ ಕೊಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಶಿಕ್ಷೆಗೆ ಗುರಿಯಾಗಬಹುದಾದ ಕೆಲಸ. ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಬೇರೆಯೇ ಕಾಯ್ದೆ ಬಂದಿದೆ. ಕಾನೂನಿನ ಮಾತು ಹಾಗಿರಲಿ, ಒಂದು ಸಲ ನಂಬಿಕೆ ಹೋದರೆ ಊರಿನಲ್ಲಿ ಅಂಗಡಿ ಇಡಲಾಗುವುದಿಲ್ಲ.

ಇನ್ನೊಂದು ಮಾತು. ಗಿರಾಕಿ ಡಿಸ್ಕ್ ತಂದಾಗ ಆಗುತ್ತದೆ, ಆಗುವುದಿಲ್ಲ, ಅಥವಾ ನಮ್ಮಿಂದ ಆಗದು, ದೊಡ್ಡ ಲ್ಯಾಬಿಗೆ ಕಳಿಸಿ ಎಂದು ನೇರ ಹೇಳಿ. ಹೀಗೆ ಬಿಚ್ಚದೆ ಕಳಿಸಿದ ಡಿಸ್ಕುಗಳಲ್ಲಿ ನಮಗೆ ದೊಡ್ಡ ಲಾಭ ಬರಲಿಲ್ಲ. ಆದರೆ ಆ ಮನೆಯವರು ಮುಂದಿನ ಎಲ್ಲ ರಿಪೇರಿಗೂ ನಮ್ಮಲ್ಲಿಗೇ ಬಂದರು.

ಡೇಟಾ ವಾಪಸು ತೆಗೆದುಕೊಟ್ಟ ಪ್ರತಿ ಗಿರಾಕಿಗೂ ಒಂದು ಬುದ್ಧಿಮಾತು ಹೇಳಿ ಕಳಿಸಿ. ಬೇಕಾದ ಡೇಟಾ ಮೂರು ಕಡೆ ಇರಲಿ, ಎರಡು ಬೇರೆ ಬಗೆಯ ಸಾಧನದಲ್ಲಿರಲಿ, ಒಂದು ಮನೆಯಿಂದ ಹೊರಗೆ ಇರಲಿ. ಹೀಗೆ ಹೇಳಿದರೆ ನಮ್ಮ ವ್ಯಾಪಾರ ಕಡಿಮೆಯಾಗುವುದಿಲ್ಲವೇ ಎಂದು ಕೇಳಬಹುದು. ಆಗಲಿ ಬಿಡಿ. ಫೋಟೋ ಕಳೆದುಕೊಂಡು ಬಂದವರ ಮುಖ ಒಮ್ಮೆ ನೋಡಿದವರು ಆ ವ್ಯಾಪಾರ ಹೆಚ್ಚಾಗಲಿ ಎಂದು ಬಯಸುವುದಿಲ್ಲ.

ಕೊನೆಯದಾಗಿ

ಆ ತಾಯಿಗೆ ನಾವು ಏನು ಹೇಳಿದೆವು ಎಂದು ಕೇಳುತ್ತೀರಿ. "ಅಮ್ಮಾ, ಈಗ ಸಾಲ ತೆಗೆಯಬೇಡಿ. ಹುಡುಗನನ್ನು ಶನಿವಾರ ಶನಿವಾರ ನಮ್ಮಲ್ಲಿಗೆ ಕಳಿಸಿ. ಗುಜರಿ ಡಿಸ್ಕ್ ನಾವೇ ಕೊಡುತ್ತೇವೆ. ಮೂರು ತಿಂಗಳಾದ ಮೇಲೆ ಅವನಿಗೆ ಇನ್ನೂ ಮನಸ್ಸಿದ್ದರೆ, ಯಾವ ಕೋರ್ಸ್ ಎಂದು ನಾವೇ ಕುಳಿತು ವಿಚಾರಿಸುವ" ಅಂದೆವು.

ಹುಡುಗ ಬಂದ. ಮೊದಲ ಶನಿವಾರ ಬೇಜಾರಿನಿಂದಲೇ ಬಂದಿದ್ದ, ಜಾಹೀರಾತಿನಲ್ಲಿ ನೋಡಿದ ಹೆಡ್ ಬದಲಾಯಿಸುವ ಕೆಲಸವೇ ಅವನಿಗೆ ಬೇಕಿತ್ತು. ಈಗ ಐದನೇ ತಿಂಗಳು. ನಕಲು ತೆಗೆಯುವುದು, ಬೋರ್ಡಿಗೆ ಮೀಟರ್ ಹಿಡಿಯುವುದು ಚೆನ್ನಾಗಿ ಕಲಿತಿದ್ದಾನೆ. ಮೊನ್ನೆ ಒಬ್ಬರು ಡಿಸ್ಕ್ ತಂದರು. ನಾವಿಬ್ಬರೂ ಅಂಗಡಿಯಲ್ಲಿರಲಿಲ್ಲ. ಅವನು ಕರೆಂಟು ಕೊಟ್ಟು, ಶಬ್ದ ಕೇಳಿದ ಕೂಡಲೇ ಆರಿಸಿ, ಒಂದು ಚೀಟಿ ಅಂಟಿಸಿ ಇಟ್ಟಿದ್ದ. "ಟಿಕ್ ಟಿಕ್. ಬಿಚ್ಚಬಾರದು. ಲ್ಯಾಬಿಗೆ" ಎಂದು ಬರೆದಿತ್ತು.

ಈಗ ಅವನು ಕೋರ್ಸಿಗೆ ಹೋಗಬಹುದು ಎಂದು ನಮಗೆ ಅನ್ನಿಸಿದೆ. ಬೋರ್ಡ್ ಮತ್ತು ಒಳಗಿನ ತಂತ್ರಾಂಶದ ಕೆಲಸ ಕಲಿಸುವ ಕಡೆ ವಿಚಾರಿಸುತ್ತಿದ್ದೇವೆ. ಫೀಸಿನಲ್ಲಿ ಅರ್ಧವನ್ನು ಅವನೇ ನಮ್ಮಲ್ಲಿ ದುಡಿದು ಕೂಡಿಟ್ಟಿದ್ದಾನೆ. ಉಳಿದದ್ದಕ್ಕೆ ಅಮ್ಮ ಸಂಘದಲ್ಲಿ ಕೇಳುತ್ತಾರಂತೆ. ಆ ಸಾಲ ತೀರಿಸುವ ದಾರಿ ಈಗ ಅವನ ಕೈಯಲ್ಲಿದೆ.

ತಮ್ಮ ತಂಗಿಯಂದಿರೇ, ನಿಮಗೂ ನಾವು ಹೇಳುವುದು ಇಷ್ಟೇ. ಮೊದಲು ಉಚಿತವಾಗಿ ಸಿಗುವುದನ್ನು ಕಲಿಯಿರಿ, ಗುಜರಿ ಡಿಸ್ಕಿನ ಮೇಲೆ ತಪ್ಪು ಮಾಡಿ, ಅನುಭವಿಗಳ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮಗೆ ಏನು ಗೊತ್ತಿಲ್ಲ ಎಂಬುದು ಸ್ಪಷ್ಟವಾದ ದಿನ ಕೋರ್ಸಿಗೆ ಸೇರಿ. ಆಗ ಕೊಟ್ಟ ದುಡ್ಡಿಗೆ ಬೆಲೆ ಬರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಅಭ್ಯಾಸಕ್ಕೆ ಹಳೆಯ ಡಿಸ್ಕ್ ಬೇಕಿದ್ದರೆ ಶಿಬಿರ ಮುಗಿದ ಮೇಲೆ ಹಿಂದಿನ ಮೇಜಿಗೆ ಬನ್ನಿ, ಒಂದು ಗೋಣಿಚೀಲ ತುಂಬ ತಂದಿದ್ದೇವೆ.